ಹುಣಸೂರಿನ ಸೌದೆ ಲೆಕ್ಕ: ಬ್ಯಾರನ್ ಒಲೆಗೆ ಬೀಳುವ ಮರ ಎಷ್ಟು?

ಜೂನ್ 5 ಬಂತೆಂದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ನಾಲ್ಕೂ ಕಡೆ ಸಸಿ ನೆಡುವ ಸಂಭ್ರಮ. ಗುಂಡಿ ಮೊದಲೇ ತೋಡಿರುತ್ತದೆ, ನೀರಿನ ಕೊಡ ಸಿದ್ಧವಾಗಿರುತ್ತದೆ, ಫೋಟೋದವರೂ ಬಂದಿರುತ್ತಾರೆ. ಒಂದು ಸಸಿಗೆ ಎಂಟು ಕೈ. ಆಮೇಲೆ ಭಾಷಣ. ‘ಪ್ಲಾಸ್ಟಿಕ್ ಬಿಡಿ, ಬಟ್ಟೆ ಚೀಲ ಹಿಡಿಯಿರಿ, ಪರಿಸರ ಉಳಿಸಿ.’

ಮಾತು ತಪ್ಪಲ್ಲ ಸ್ವಾಮಿ, ಒಳ್ಳೆಯದೇ. ಆದರೆ ನೆಟ್ಟ ಸಸಿ ಚಿಗುರುವುದಕ್ಕೂ ಮುಂಚೆ ಅದೇ ರಸ್ತೆಯಲ್ಲಿ ಸೌದೆ ಲಾರಿಗಳು ಸಾಲುಗಟ್ಟುತ್ತವೆ. ಹಗ್ಗ ಬಿಗಿದ ದಿಮ್ಮಿ, ಕೊಂಬೆ, ಬೊಡ್ಡೆ ಹೇರಿಕೊಂಡು ಹಳ್ಳಿ ದಾರಿ ಹಿಡಿಯುತ್ತವೆ. ಆ ಲಾರಿ ನೋಡಿ ಯಾರೂ ಭಾಷಣ ಮಾಡುವುದಿಲ್ಲ. ಏಕೆಂದರೆ ಆ ಸೌದೆ ಹೋಗುವುದು ಹೊಗೆಸೊಪ್ಪಿನ ಬ್ಯಾರನ್‌ಗೆ. ಬ್ಯಾರನ್ ಉರಿದರೆ ತಾನೇ ನಮ್ಮೂರ ಪೇಟೆಯಲ್ಲಿ ದೀಪ ಉರಿಯುವುದು!

ಪರಿಸರ, ಹವಾಮಾನ ಅಂತ ಎಲ್ಲರೂ ಮಾತಾಡುವ ಈ ಕಾಲದಲ್ಲಿ ನಮ್ಮ ಸೀಮೆಯ ನಿಜವಾದ ಲೆಕ್ಕ ಇರುವುದು ಈ ಒಲೆಯ ಬಾಯಲ್ಲಿ. ಅದನ್ನು ಒಮ್ಮೆ ಕೂಡಿ ಕಳೆದು ನೋಡೋಣ.

ಬ್ಯಾರನ್ ಒಳಗೆ ಏನಾಗುತ್ತದೆ?

ಹಳ್ಳಿಯವರಿಗೆ ಇದು ಗೊತ್ತೇ ಇದೆ. ಪೇಟೆಯಲ್ಲೇ ಹುಟ್ಟಿ ಬೆಳೆದವರಿಗೆ ಎರಡು ಮಾತು. ನಮ್ಮಲ್ಲಿ ಬೆಳೆಯುವುದು ಸಿಗರೇಟಿಗೆ ಹೋಗುವ ವರ್ಜೀನಿಯಾ ಹೊಗೆಸೊಪ್ಪು. ಮುಂಗಾರಿಗೆ ಮುಂಚಿನ ಮಳೆ ಬಿದ್ದಾಗ ನಾಟಿ. ಜುಲೈನಿಂದ ಸೊಪ್ಪು ಮುರಿಯುವ ಕೆಲಸ. ಮುರಿದ ಸೊಪ್ಪನ್ನು ಕಡ್ಡಿಗೆ ಕಟ್ಟಿ, ಎತ್ತರದ ಗೋಡೆಯ ಬ್ಯಾರನ್ ಒಳಗೆ ಅಂತಸ್ತು ಅಂತಸ್ತಾಗಿ ತೂಗು ಹಾಕುತ್ತಾರೆ. ಒಲೆಯ ಬಾಯಿ ಹೊರಗಿರುತ್ತದೆ. ಬೆಂಕಿಯ ಶಾಖ ನೆಲದ ಮೇಲೆ ಹಾಯುವ ತಗಡಿನ ಕೊಳವೆಗಳಲ್ಲಿ ಹರಿದು ಒಳಗಿನ ಗಾಳಿಯನ್ನು ಕಾಯಿಸುತ್ತದೆ. ಹೊಗೆ ಸೊಪ್ಪಿಗೆ ಮುಟ್ಟಬಾರದು, ಶಾಖ ಮಾತ್ರ ಮುಟ್ಟಬೇಕು. ಅದೇ ಇದರ ಗುಟ್ಟು.

ಮೊದಲು ಹದವಾದ ಶಾಖದಲ್ಲಿ ಸೊಪ್ಪು ಹಳದಿ ಆಗಬೇಕು. ಆಮೇಲೆ ಎಲೆ ಒಣಗಬೇಕು. ಕೊನೆಗೆ ನಡುವಿನ ದಪ್ಪ ನರ ಒಣಗಬೇಕು, ಆಗ ಶಾಖ 70 ಡಿಗ್ರಿಯವರೆಗೂ ಏರುತ್ತದೆ. ಒಂದು ಸಲ ತುಂಬಿದ ಬ್ಯಾರನ್ ಇಳಿಸಲು ಐದಾರು ದಿನ ಬೇಕು. ಹಗಲೂ ರಾತ್ರಿ ಬೆಂಕಿ ಆರುವಂತಿಲ್ಲ. ಉಷ್ಣಮಾಪಕ ನೋಡಿಕೊಂಡು ರೈತ ಒಲೆ ಮುಂದೆಯೇ ನಿದ್ದೆಗೆಡಬೇಕು.

ಇಷ್ಟೆಲ್ಲ ಬೆಂಕಿ ಯಾಕೆ? ಹಸಿ ಸೊಪ್ಪಿನ ತೂಕದಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ನೀರು. ಆ ನೀರನ್ನೆಲ್ಲ ಆವಿ ಮಾಡಿ ಓಡಿಸಬೇಕು. ಅದೂ ಯಾವಾಗ? ಆಷಾಢ ಶ್ರಾವಣದ ಜಡಿಮಳೆಯಲ್ಲಿ, ಹೊರಗಿನ ಗಾಳಿಯೂ ಒದ್ದೆಯಾಗಿರುವಾಗ. ಬಿಸಿಲಿಗೆ ಹರಡಿ ಒಣಗಿಸುವ ಮಾತು ಇಲ್ಲಿ ನಡೆಯುವುದಿಲ್ಲ.

ಕೂಡಿ ಕಳೆದು ನೋಡಿ

ಈಗ ಲೆಕ್ಕ. ಒಂದು ಕೆಜಿ ಒಣ ಸೊಪ್ಪು ಕೈಗೆ ಬರಬೇಕಾದರೆ ಸುಮಾರು ನಾಲ್ಕರಿಂದ ಐದು ಕೆಜಿ ಸೌದೆ ಉರಿಯಬೇಕು. ನಾಲ್ಕೂವರೆ ಅಂತ ಇಟ್ಟುಕೊಳ್ಳಿ. ಒಂದು ಬ್ಯಾರನ್‌ನಲ್ಲಿ ಒಂದು ಹಂಗಾಮಿಗೆ 2,000 ಕೆಜಿ ಸೊಪ್ಪು ಇಳಿಯಿತು ಅಂದರೆ 9,000 ಕೆಜಿ ಸೌದೆ, ಅಂದರೆ ಒಂಬತ್ತು ಟನ್. ಹೆಚ್ಚೂ ಕಡಿಮೆ ಒಂದು ಲಾರಿ ಲೋಡು.

ತಂಬಾಕು ಮಂಡಳಿ ಈಚಿನ ವರ್ಷಗಳಲ್ಲಿ ಕರ್ನಾಟಕಕ್ಕೆ ಗೊತ್ತುಮಾಡಿದ ಬೆಳೆ ಹತ್ತು ಕೋಟಿ ಕೆಜಿ ಆಸುಪಾಸು. ಪಕ್ಕದ ಹಾಸನ ಜಿಲ್ಲೆಯ ರಾಮನಾಥಪುರದ ಪಾಲೂ ಇದರಲ್ಲಿ ಸೇರಿದೆ, ಆದರೆ ದೊಡ್ಡ ಪಾಲು ನಮ್ಮ ತಾಲ್ಲೂಕುಗಳದೇ. ಹತ್ತು ಕೋಟಿ ಕೆಜಿ ಸೊಪ್ಪಿಗೆ ನಾಲ್ಕೂವರೆ ಲಕ್ಷ ಟನ್ ಸೌದೆ. ಹತ್ತು ಟನ್ನಿನ ಲೋಡು ಅಂದರೆ 45 ಸಾವಿರ ಲಾರಿ! ಒಂದು ಲಾರಿಗೆ ಹತ್ತು ಮೀಟರ್ ಜಾಗ ಅಂತ ಒಂದರ ಹಿಂದೆ ಒಂದು ನಿಲ್ಲಿಸಿದರೆ, ಹುಣಸೂರಿನಿಂದ ಮೈಸೂರಿನವರೆಗೆ ಒಂದು ಸಾಲು ಸಾಲದು, ಹತ್ತು ಸಾಲು ಬೇಕು. ದಿನಾ ಆ ಬಸ್ಸಿನಲ್ಲಿ ಹೋಗಿಬರುವವರು ಕಿಟಕಿಯಾಚೆ ನೋಡುತ್ತ ಈ ಹತ್ತು ಸಾಲನ್ನು ಊಹಿಸಿಕೊಳ್ಳಲಿ. ಅದು ಪ್ರತಿ ವರ್ಷದ ಲೆಕ್ಕ.

ಇನ್ನು ಗಾಳಿಗೆ ಹೋಗುವ ಲೆಕ್ಕ. ಒಣಗಿದ ಸೌದೆಯ ತೂಕದಲ್ಲಿ ಅರ್ಧದಷ್ಟು ಇಂಗಾಲ. ಒಂದು ಕೆಜಿ ಉರಿದರೆ ಒಂದೂವರೆ ಕೆಜಿಗೂ ಹೆಚ್ಚು ಇಂಗಾಲದ ಡೈ ಆಕ್ಸೈಡ್ ಗಾಳಿಗೆ ಸೇರುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸೇರುವುದು ಸುಮಾರು 2.3 ಕೆಜಿ. ಈ ಲೆಕ್ಕದಲ್ಲಿ ಒಂದು ಬ್ಯಾರನ್ ಒಂದು ಹಂಗಾಮಿನಲ್ಲಿ ಬಿಡುವ ಅನಿಲ, ಲೀಟರಿಗೆ ಐವತ್ತು ಕಿಲೋಮೀಟರ್ ಓಡುವ ಬೈಕಿನಲ್ಲಿ ಹುಣಸೂರಿನಿಂದ ಮೈಸೂರಿಗೆ ಸುಮಾರು ಮೂರು ಸಾವಿರ ಸಲ ಹೋಗಿ ಬಂದಷ್ಟಾಯಿತು.

‘ಮರ ಮತ್ತೆ ಬೆಳೆದರೆ ಆ ಅನಿಲವನ್ನು ವಾಪಸು ಹೀರಿಕೊಳ್ಳುವುದಿಲ್ಲವೇ?’ ಅಂತ ಕೇಳುವವರಿದ್ದಾರೆ. ಹೀರಿಕೊಳ್ಳುತ್ತದೆ. ಸಾಲ ತೀರಿಸಿದಂತೆ. ಆದರೆ ಮೂವತ್ತು ವರ್ಷ ಬೆಳೆದ ಮರ ವಾರದಲ್ಲಿ ಬೂದಿಯಾಗುತ್ತದೆ. ಕಡಿದ ಜಾಗದಲ್ಲಿ ಇನ್ನೊಂದು ನೆಡದೆ ಹೋದರೆ ಆ ಸಾಲ ತೀರುವುದೇ ಇಲ್ಲ, ಮಕ್ಕಳ ಹೆಸರಿಗೆ ವರ್ಗವಾಗುತ್ತದೆ.

ಇದು ರೈತನ ಒಬ್ಬನ ಪಾಪವೇ?

ಖಂಡಿತ ಅಲ್ಲ. ರಾಜ್ಯದಲ್ಲಿ ನಲವತ್ತು ಸಾವಿರದ ಆಸುಪಾಸಿನಲ್ಲಿ ನೋಂದಾಯಿತ ಬೆಳೆಗಾರರಿದ್ದಾರೆ. ಬಹಳ ಮಂದಿ ಎರಡು ಮೂರು ಎಕರೆಯವರು. ಮಳೆಯಾಶ್ರಯದ ಕೆಂಪು ಮಣ್ಣಿನಲ್ಲಿ ನಾಲ್ಕು ಕಾಸು ಕಾಣಿಸುವ ಬೆಳೆ ಅವರಿಗೆ ಬೇರೆ ಯಾವುದಿದೆ? ಕರ್ನಾಟಕದಲ್ಲಿ 1984ರಲ್ಲಿ ಮಂಡಳಿಯ ಹರಾಜು ಶುರುವಾದ ಮೇಲೆ ಸೊಪ್ಪಿಗೆ ಒಂದು ಮಾರುಕಟ್ಟೆ, ಹಣಕ್ಕೆ ಒಂದು ಖಾತರಿ ಬಂತು. ಕಟ್ಟೆಮಳಲವಾಡಿ, ಚಿಲ್ಕುಂದ, ಪಿರಿಯಾಪಟ್ಟಣ, ಎಚ್.ಡಿ.ಕೋಟೆ ಹರಾಜು ಕಟ್ಟೆಗಳಲ್ಲಿ ಬೇಲು ಕದಲಿದರೆ ಹುಣಸೂರು ಪೇಟೆಯಲ್ಲಿ ಗಲ್ಲಾ ಪೆಟ್ಟಿಗೆ ಕದಲುತ್ತದೆ.

ಬಟ್ಟೆ ಅಂಗಡಿಯವರನ್ನು ಕೇಳಿ. ಚಿನ್ನ ಬೆಳ್ಳಿಯವರನ್ನು, ಸಿಮೆಂಟು ಕಬ್ಬಿಣದವರನ್ನು, ಗೊಬ್ಬರದಂಗಡಿಯವರನ್ನು ಕೇಳಿ. ‘ಸೊಪ್ಪಿನ ದುಡ್ಡು ಬರಲಿ ಕೊಡ್ತೀನಿ’ ಅಂತ ಬರೆಸಿದ ಬಾಕಿ ಇಲ್ಲದ ಅಂಗಡಿ ಯಾವುದು? ಹಾಗಾದರೆ ಆ ಸೌದೆಯಲ್ಲಿ ಅಂಗಡಿಯವರ ಪಾಲೂ ಇದೆ, ಅಂಗಡಿಗೆ ಹೋಗುವವರ ಪಾಲೂ ಇದೆ. ಸಿಗರೇಟು ಸೇದುವವರ ಪಾಲಂತೂ ಇದ್ದೇ ಇದೆ. ಲಾಭದಲ್ಲಿ ಪಾಲು ಇಟ್ಟುಕೊಂಡು ಸೌದೆಯ ದೋಷವನ್ನು ಮಾತ್ರ ಹಳ್ಳಿಯವನ ತಲೆಗೆ ಕಟ್ಟುವುದು ನ್ಯಾಯವಲ್ಲ.

ಸೌದೆ ಬರುವುದು ಎಲ್ಲಿಂದ?

ಹುಣಸೆ ಮರದಿಂದ ಹುಣಸೂರಿಗೆ ಹೆಸರು ಬಂತು ಎನ್ನುತ್ತಾರೆ. ಬ್ರಿಟಿಷರ ಕಾಲದಲ್ಲಿ ಇಲ್ಲಿ ಅಮೃತ್ ಮಹಲ್ ದನಗಳ ಇಲಾಖೆ ಇತ್ತು, ಚರ್ಮ ಹದ ಮಾಡುವ ಕಾರ್ಖಾನೆ, ಕಂಬಳಿ ಕಾರ್ಖಾನೆ, ಮರದ ಅಂಗಳ ಇದ್ದವು. ಪಕ್ಕದಲ್ಲಿ ನಾಗರಹೊಳೆ ಕಾಡು. ಮರ ಅನ್ನುವುದು ಈ ಊರಿಗೆ ಕೊರತೆಯ ಮಾತೇ ಆಗಿರಲಿಲ್ಲ.

ಈಗ ಆ ಕಾಲ ಹೋಯಿತು. ನಾಗರಹೊಳೆ 1955ರಲ್ಲಿ ಅಭಯಾರಣ್ಯವಾಯಿತು, 1988ರಲ್ಲಿ ರಾಷ್ಟ್ರೀಯ ಉದ್ಯಾನ, 1999ರಲ್ಲಿ ಹುಲಿ ಯೋಜನೆಗೆ ಸೇರಿತು. ಅಲ್ಲಿಂದ ಸೌದೆ ತರುವಂತಿಲ್ಲ, ತರಲೂಬಾರದು. ಹಾಗಾಗಿ ಬ್ಯಾರನ್‌ನ ಹಸಿವು ಹೊಲದ ಬದು, ತೋಪು, ಕೆರೆ ಏರಿ, ಕೊಡಗಿನ ಕಾಫಿ ತೋಟಗಳ ಕಡೆ ತಿರುಗಿತು. ತೋಟದ ಸಿಲ್ವರ್ ಓಕ್ ಬರುತ್ತದೆ. ಅದರ ಜೊತೆಗೆ ಮಾವು, ಹುಣಸೆ, ಹೊಂಗೆ, ಬೇವು ಯಾವುದು ಸಿಕ್ಕಿದರೂ ಬರುತ್ತದೆ. ತಾತ ನೆಟ್ಟ ಬದುವಿನ ಮರ ಮೊಮ್ಮಗನ ಬ್ಯಾರನ್‌ಗೆ ಹೋಗುತ್ತದೆ.

ಇಲ್ಲೊಂದು ಸೋಜಿಗ. 1976ರಲ್ಲಿ, ನಮ್ಮ ಹುಣಸೂರಿನ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ, ರಾಜ್ಯದಲ್ಲಿ ಮರ ಸಂರಕ್ಷಣಾ ಕಾಯಿದೆ ಬಂತು. ಸಿಲ್ವರ್ ಓಕ್‌ನಂಥ ಕೆಲವು ಜಾತಿ ಬಿಟ್ಟರೆ, ಸ್ವಂತ ಜಮೀನಿನ ಮರ ಕಡಿಯಲೂ ಅನುಮತಿ ಬೇಕು ಎಂದಿತು. ಅದೇ ವರ್ಷದ ಜನವರಿಯಲ್ಲಿ ಕೇಂದ್ರದ ತಂಬಾಕು ಮಂಡಳಿಯೂ ಕೆಲಸ ಶುರು ಮಾಡಿತು. ಒಂದು ಮರ ಉಳಿಸಲು, ಇನ್ನೊಂದು ಮರ ಬೇಡುವ ಬೆಳೆಯನ್ನು ನಡೆಸಲು. ಎರಡೂ ಒಂದೇ ವಯಸ್ಸಿನವು. ಐವತ್ತು ವರ್ಷದಲ್ಲಿ ಇವೆರಡೂ ಒಟ್ಟಿಗೆ ಕೂತು ಸೌದೆ ಲೆಕ್ಕ ಮಾಡಿದ್ದರೆ ನಾವು ಇವತ್ತು ಇದನ್ನು ಬರೆಯಬೇಕಾಗಿರಲಿಲ್ಲ.

ಆಗಸ್ಟ್ ತಿಂಗಳಲ್ಲಿ ಹನಗೋಡು ಬಸ್ಸು ಹತ್ತಿದರೆ ಕಿವಿಗೆ ಬೀಳುವ ಮಾತು ಇದೇ:

‘ಏನಣ್ಣ, ಈ ಸಲ ಸೊಪ್ಪು ಹೆಂಗದೆ?’

‘ಸೊಪ್ಪೇನೋ ಅದೆ ಕಣಪ್ಪ, ಸೌದೇದೇ ತಾಪತ್ರಯ. ಹೋದ್ ವರ್ಷದ ರೇಟಿಗೆ ಎಲ್ಲಿ ಸಿಕ್ತದೆ?’

ಈ ಎರಡನೇ ಮಾತಿನಲ್ಲೇ ದಾರಿಯೂ ಇದೆ. ಸೌದೆ ಈಗ ಬಿಟ್ಟಿ ಅಲ್ಲ, ಖರ್ಚು. ಸೌದೆ ಉಳಿಸಿದವನು ಪರಿಸರಕ್ಕೆ ಉಪಕಾರ ಮಾಡಿದನೋ ಇಲ್ಲವೋ, ತನ್ನ ಜೇಬಿಗಂತೂ ಮಾಡಿಕೊಂಡ.

ಮಳೆ ತಪ್ಪಿದ್ದು ನೆನಪಿದೆಯೇ?

2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡ ಕುಸಿಯಿತು. 2019ರ ಆಗಸ್ಟಿನಲ್ಲಿ ಲಕ್ಷ್ಮಣತೀರ್ಥ ಉಕ್ಕಿ ಹರಿಯಿತು. 2023ರಲ್ಲಿ ಅದೇ ಹೊಳೆಯ ಸೀಮೆಯಲ್ಲಿ ಮಳೆ ಇಲ್ಲ. ಆ ವರ್ಷ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಸರ್ಕಾರವೇ ಸಾರಿತು. ಇದೆಲ್ಲ ಹುಣಸೂರಿನ ಬ್ಯಾರನ್ ಹೊಗೆಯಿಂದಲೇ ಆಯಿತು ಅಂತ ಹೇಳಿದರೆ ಅದು ಹುಚ್ಚು ಮಾತು. ಜಗತ್ತಿನ ಕಲ್ಲಿದ್ದಲು, ಪೆಟ್ರೋಲ್ ಉರಿಯ ಮುಂದೆ ನಮ್ಮದು ಕಿಡಿ. ಆದರೆ ಭೂಮಿ ಕಾದಷ್ಟೂ ಮಳೆ ಬಂದರೆ ಅತಿಯಾಗಿ, ಬಾರದಿದ್ದರೆ ಬಾರದೇ ಹೋಗುವ ಸಂಭವ ಹೆಚ್ಚುತ್ತದೆ ಎಂದು ವಿಜ್ಞಾನಿಗಳು ಹೇಳುತ್ತಿದ್ದಾರೆ. ಮಳೆ ನಂಬಿ ನಾಟಿ ಮಾಡುವವರಿಗೆ ಇದಕ್ಕಿಂತ ಹತ್ತಿರದ ಸುದ್ದಿ ಬೇರೊಂದಿಲ್ಲ. ಬದುವಿನ ಮರ ಇದ್ದರೆ ನೆರಳು, ತೇವ, ಮೇವು, ಗಾಳಿಗೆ ತಡೆ. ಆ ಮರವನ್ನೇ ಒಲೆಗೆ ಹಾಕಿದರೆ ಬರಗಾಲದಲ್ಲಿ ಹೊಲಕ್ಕೆ ಆಸರೆ ಯಾವುದು?

ಈ ಬಾಧೆ ನಮ್ಮದೊಂದೇ ಅಲ್ಲ. ಆಫ್ರಿಕಾದ ಮಲಾವಿ, ಜಿಂಬಾಬ್ವೆಯಲ್ಲೂ ಹೊಗೆಸೊಪ್ಪಿನ ಒಲೆಗೆ ಕಾಡು ಸವೆದಿದೆ. ಸಿಗರೇಟು ತಯಾರಿಕೆಗೆ ಜಗತ್ತಿನಲ್ಲಿ ವರ್ಷಕ್ಕೆ 60 ಕೋಟಿ ಮರ ಹೋಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಮೇ 31ರ ತಂಬಾಕು ವಿರೋಧಿ ದಿನದಂದು ಹೇಳಿತು.

ಐದರಲ್ಲಿ ಒಂದು ಪಾಲು

ಹಾಗಾದರೆ ನಾಳೆಯಿಂದಲೇ ಬ್ಯಾರನ್ ಮುಚ್ಚಿ ಅನ್ನಬೇಕೇ? ಅನ್ನುವುದು ಸುಲಭ, ಉಣ್ಣಿಸುವವರು ಯಾರು? ಮುಚ್ಚುವ ಮಾತಿಗೆ ಮುಂಚೆ ಪೋಲು ನಿಲ್ಲಿಸುವ ಮಾತಿದೆ.

ಒಂದು: ಹಸಿ ಸೌದೆ. ಆಗ ತಾನೇ ಕಡಿದ ಮರದ ತೂಕದಲ್ಲಿ ಅರ್ಧಕ್ಕೆ ಹತ್ತಿರ ನೀರು. ರೈತ ದುಡ್ಡು ಕೊಟ್ಟು ನೀರು ಕೊಳ್ಳುತ್ತಾನೆ. ಆ ನೀರನ್ನು ಆರಿಸಲು ಮತ್ತೆ ಸೌದೆಯನ್ನೇ ಸುಡುತ್ತಾನೆ. ಡಿಸೆಂಬರ್, ಜನವರಿಯಲ್ಲಿ ಕೊಂಡು, ಸೀಳಿ, ಬೇಸಿಗೆಯ ಬಿಸಿಲಿಗೆ ಒಡ್ಡಿ, ಮಳೆಗೆ ಮುಂಚೆ ಮೇಲೊಂದು ಹೊದಿಕೆ ಹಾಕಿದರೆ ಅದೇ ಸೌದೆ ಹೆಚ್ಚು ದಿನ ಬರುತ್ತದೆ. ಇದಕ್ಕೆ ಯಾವ ಯಂತ್ರವೂ ಬೇಡ. ಬೇಕಾದದ್ದು ಆರು ತಿಂಗಳು ಮುಂಚೆ ಕೈಯಲ್ಲಿ ದುಡ್ಡು. ಸಹಕಾರ ಸಂಘಗಳು, ಬ್ಯಾಂಕುಗಳು ಗೊಬ್ಬರಕ್ಕೆ ಸಾಲ ಕೊಡುವಂತೆ ಬೇಸಿಗೆಯ ಒಣ ಸೌದೆಗೂ ಕೊಟ್ಟರೆ ಅರ್ಧ ಕೆಲಸ ಆದಂತೆ.

ಎರಡು: ಶಾಖ ಸೋರುವ ಬ್ಯಾರನ್. ಶಾಖ ಮೇಲಕ್ಕೇ ಹೋಗುವುದು ಅದರ ಗುಣ. ಹೆಂಚಿನ ಸಂದು, ಬಾಗಿಲ ಸಂದು, ಬಿರುಕು ಬಿಟ್ಟ ಗೋಡೆ, ತುಕ್ಕು ತಿಂದ ಕೊಳವೆ ಇವೆಲ್ಲ ಸೌದೆ ಕಳ್ಳರು. ಛಾವಣಿ ಕೆಳಗೆ ಶಾಖ ತಡೆಯುವ ಹೊದಿಕೆ ಕೊಟ್ಟು, ಗೋಡೆಗೆ ಮಣ್ಣೋ ಗಾರೆಯೋ ಮೆತ್ತಿ ಸಂದು ಮುಚ್ಚಿದರೆ ಉರಿ ಕಡಿಮೆ ಸಾಕು. ಆದರೆ ಜೋಕೆ. ಬ್ಯಾರನ್‌ಗೆ ಬೆಂಕಿ ಬಿದ್ದು ಸೊಪ್ಪೆಲ್ಲ ಬೂದಿಯಾದ ಸುದ್ದಿ ನಮ್ಮಲ್ಲಿ ಹೊಸದಲ್ಲ. ಹುಲ್ಲು ಸೋಗೆಯನ್ನು ಕಂಡಂತೆ ತುರುಕದೆ ತಿಳಿದವರನ್ನು ಕೇಳಿ ಮಾಡಬೇಕು. ಕೇಳಲು ದೂರ ಹೋಗಬೇಕಿಲ್ಲ, ತಂಬಾಕು ಸಂಶೋಧನಾ ಕೇಂದ್ರ ಹುಣಸೂರಿನಲ್ಲೇ ಇದೆ.

ಮೂರು: ಒಲೆಯ ಬಾಯಿ. ಗಾಳಿ ಸರಿಯಾಗಿ ಆಡದ ಒಲೆಯಲ್ಲಿ ಸೌದೆ ಉರಿಯುವುದಿಲ್ಲ, ಹೊಗೆಯುತ್ತದೆ. ಕೊಳವೆಯಿಂದ ಕಪ್ಪು ಹೊಗೆ ಎದ್ದರೆ ಅದು ಉರಿಯದೆ ಹೋದ ಸೌದೆ ಅಂತಲೇ ತಿಳಿಯಿರಿ. ಕೆಳಗೆ ಕಬ್ಬಿಣದ ಜಾಲರಿ, ಗಾಳಿಗೆ ಅಳತೆಯ ಕಿಂಡಿ ಇದ್ದರೆ ಅದೇ ಸೌದೆಗೆ ಹೆಚ್ಚು ಶಾಖ.

ಇದು ಕರ್ನಾಟಕಕ್ಕೆ ಹೊಸ ಪಾಠವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರದವರು ಹಳ್ಳಿಯ ಅಡುಗೆ ಮನೆಗೆಂದೇ ಕಡಿಮೆ ಸೌದೆಯ, ಹೊಗೆ ಕೊಳವೆ ಇರುವ ಒಲೆ ಮಾಡಿದರು. ‘ಅಸ್ತ್ರ ಒಲೆ’ ಅಂದರೆ ಈಗಲೂ ಹಿರಿಯ ಹೆಂಗಸರಿಗೆ ನೆನಪಿದೆ. ಅಮ್ಮನ ಒಲೆಗೆ ನಡೆದ ಲೆಕ್ಕ ಮಗನ ಬ್ಯಾರನ್‌ಗೆ ಯಾಕೆ ನಡೆಯಬಾರದು?

ನಾಲ್ಕು: ಮರವಲ್ಲದ ಉರುವಲು. ಕೊಡಗಿನ ಕಡೆ ಕಾಫಿ ಸಿಪ್ಪೆ ಇದೆ, ಕೆ.ಆರ್.ನಗರ ಭತ್ತದ ಸೀಮೆ, ಅಲ್ಲಿ ಹೊಟ್ಟು ಇದೆ. ತೆಂಗಿನ ಮಟ್ಟೆ, ಗರಿ ಎಲ್ಲ ಕಡೆಯೂ ಇವೆ. ಕಾಫಿ ಸಿಪ್ಪೆಯನ್ನು ಬ್ಯಾರನ್‌ನಲ್ಲಿ ಉರಿಸುವ ಪ್ರಯೋಗಗಳೂ ನಡೆದಿವೆ. ಹೊಟ್ಟು, ಸಿಪ್ಪೆಗೆ ಒಲೆಯ ಬಾಯಿ ಬೇರೆ ಥರ ಇರಬೇಕು, ಸಾಗಿಸುವ ಖರ್ಚೂ ಉಂಟು. ಆದರೆ ಊರಿಗೊಂದು ಗುಂಪು ಕೂಡಿಕೊಂಡು ಲೋಡು ತರಿಸಿದರೆ ಅದು ಭಾರವಾಗಲಾರದು.

ಇಷ್ಟರಲ್ಲಿ ಒಂದೆರಡು ಮಾಡಿ ಐದರಲ್ಲಿ ಒಂದು ಪಾಲು ಸೌದೆ ಉಳಿಯಿತು ಅಂತ ಇಟ್ಟುಕೊಳ್ಳಿ. ಒಂದು ಬ್ಯಾರನ್‌ಗೆ ಸುಮಾರು 1,800 ಕೆಜಿ ಉಳಿತಾಯ. ಇವತ್ತಿನ ಸೌದೆ ದರಕ್ಕೆ ನೀವೇ ಗುಣಿಸಿಕೊಳ್ಳಿ. ರಾಜ್ಯಕ್ಕೆಲ್ಲ ಸೇರಿ 90 ಸಾವಿರ ಟನ್. ನಾವು ಮೇಲೆ ನಿಲ್ಲಿಸಿದ ಹತ್ತು ಸಾಲು ಲಾರಿಯಲ್ಲಿ ಎರಡು ಸಾಲು ಹಿಂದಿರುಗಿ ಹೋದಂತೆ.

ನೆಟ್ಟವರು ಯಾರು, ಉಳಿದದ್ದೆಷ್ಟು?

ಮಂಡಳಿಯೂ ಕಂಪನಿಗಳೂ ಸಸಿ ಹಂಚಿದ್ದುಂಟು. ಒಳ್ಳೆಯ ಕೆಲಸ. ಆದರೆ ಹಂಚಿದ ಲೆಕ್ಕ ಕಾಗದದಲ್ಲಿರುತ್ತದೆ, ಉಳಿದ ಲೆಕ್ಕ ಹೊಲದಲ್ಲಿರುತ್ತದೆ. ಮೂರು ವರ್ಷ ಬಿಟ್ಟು ಹೋಗಿ ಎಣಿಸಿದರೆ ತಾನೇ ನಿಜ ತಿಳಿಯುವುದು? ಬ್ಯಾರನ್ ಇರುವ ಪ್ರತಿ ರೈತನೂ ತನ್ನ ಬದುವಿನಲ್ಲೇ ಹೆಬ್ಬೇವು, ಸಿಲ್ವರ್ ಓಕ್, ಗೊಬ್ಬರದ ಗಿಡ ಬೆಳೆಸಿ, ಕಡಿದಷ್ಟು ನೆಡುತ್ತ ಹೋದರೆ ಹುಣಸೆ, ಮಾವು, ಹೊಂಗೆಯಾದರೂ ಬದುಕಿಕೊಳ್ಳುತ್ತವೆ. ಸೌದೆಗೇ ಬೆಳೆದ ಮರ ಸೌದೆಗೆ ಹೋಗಲಿ. ನೆರಳು ಕೊಡುವ ಮರ ನೆರಳಿಗಿರಲಿ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಈ ಬೆಳೆ ಶಾಶ್ವತ ಅಂತ ಯಾರೂ ಮಾತು ಕೊಟ್ಟಿಲ್ಲ. ಹೊಗೆಸೊಪ್ಪು ಜೀವಕ್ಕೆ ಕುತ್ತು ಅನ್ನುವುದು ಪೊಟ್ಟಣದ ಮೇಲೇ ಬರೆದಿದೆ. ತಂಬಾಕು ನಿಯಂತ್ರಣದ ವಿಶ್ವ ಒಪ್ಪಂದಕ್ಕೆ ಭಾರತ 2004ರಲ್ಲೇ ಅಂಗೀಕಾರ ಕೊಟ್ಟಿದೆ. ಬೆಳೆಗಾರರಿಗೆ ಬದಲಿ ಜೀವನೋಪಾಯ ತೋರಿಸಬೇಕು, ಬೆಳೆಯುವ ಕಡೆ ಪರಿಸರ ಕಾಯಬೇಕು ಎಂಬ ಮಾತು ಅದೇ ಒಪ್ಪಂದದಲ್ಲಿದೆ. ಆ ಮಾತನ್ನು ಕೇಳಿ ಪಡೆಯುವ ಹಕ್ಕು ನಮ್ಮ ರೈತರಿಗಿದೆ. ಹಾಗಂತ ಶುಂಠಿಗೆ ಹಾರಿದರೆ ಪರಿಸರ ಉಳಿಯಿತು ಅಂತಲೂ ಅಲ್ಲ. ಶುಂಠಿಯ ನೀರು, ಔಷಧಿ ಖರ್ಚು ನಮ್ಮ ಹೊಲಗಳೇ ಕಂಡಿವೆ. ರಾಗಿ, ಅವರೆ, ಅಲಸಂದೆ, ಹೈನು, ಮರದ ಬೆಳೆ ಇವನ್ನೆಲ್ಲ ಸೇರಿಸಿ ಸ್ವಲ್ಪ ಸ್ವಲ್ಪವೇ ಜಾರಿಕೊಳ್ಳುವುದು ಜಾಣತನ. ಅದಕ್ಕೆ ಬೆಲೆಯ ಖಾತರಿ ಸಿಗಬೇಕು. ಸೊಪ್ಪಿಗೆ ಹರಾಜು ಕಟ್ಟೆ ಇದ್ದಂತೆ ಅವರೆಗೂ ಒಂದು ಕಟ್ಟೆ ಬೇಡವೇ?

ಪೇಟೆಯವರ ಪಾಲು

ಕೊನೆಗೆ ಪೇಟೆಗೆ ಬರೋಣ. ಹೋಟೆಲು, ಬೇಕರಿ, ಕಲ್ಯಾಣ ಮಂಟಪದ ಒಲೆಗಳೂ ಸೌದೆ ತಿನ್ನುತ್ತವೆ. ಮನೆಯ ಹಂಡೆ ಒಲೆಯೂ ತಿನ್ನುತ್ತದೆ. ಛಾವಣಿ ಮೇಲೆ ಸೋಲಾರ್ ನೀರು ಕಾಯಿಸುವ ಸಾಧನ ಇಟ್ಟರೆ ವರ್ಷದಲ್ಲಿ ಬಹುಪಾಲು ದಿನ ಬಿಸಿಲೇ ನೀರು ಕಾಯಿಸುತ್ತದೆ. ಪ್ಲಾಸ್ಟಿಕ್ ಕೈಚೀಲಕ್ಕೆ ರಾಜ್ಯದಲ್ಲಿ 2016ರಲ್ಲೇ ನಿಷೇಧ ಬಂತು. ಒಂದು ಸಲ ಬಳಸಿ ಬಿಸಾಡುವ ಹಲವು ಸಾಮಾನುಗಳಿಗೆ 2022ರ ಜುಲೈ 1ರಿಂದ ದೇಶಕ್ಕೆಲ್ಲ ನಿಷೇಧ. ಆದರೂ ಲಕ್ಷ್ಮಣತೀರ್ಥದ ಸೇತುವೆ ಮೇಲೆ ನಿಂತು ಕೆಳಗೆ ನೋಡಿದರೆ ಕಾನೂನು ತೇಲುತ್ತಿರುವುದು ಕಾಣುತ್ತದೆ! ಬಸ್ಸಿನಲ್ಲಿ ಹೋಗುವವರು ಮಾತ್ರ ತಮಗೇ ಗೊತ್ತಿಲ್ಲದೆ ಒಂದು ಪುಣ್ಯ ಕಟ್ಟಿಕೊಳ್ಳುತ್ತಿದ್ದಾರೆ. ಐವತ್ತು ಜನ ಐವತ್ತು ಬೈಕಿನಲ್ಲಿ ಹೋಗುವ ಬದಲು ಒಂದು ಡೀಸೆಲ್ ಇಂಜಿನ್ನಿನಲ್ಲಿ ಹೋಗುತ್ತಾರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಹೆಂಗಸರ ಟಿಕೆಟ್ಟಿಗೆ ದುಡ್ಡಿಲ್ಲ. ಬಸ್ಸು ತುಂಬಿದೆ ಅಂತ ಗೊಣಗುವವರು ಇದನ್ನೂ ನೆನೆಯಲಿ.

ಇವೆಲ್ಲ ಬೇಕು. ಆದರೆ ಅಂಗಡಿಯವರು ಇನ್ನೂ ಒಂದು ಕೆಲಸ ಮಾಡಬಹುದು. ಸೊಪ್ಪಿನ ದುಡ್ಡು ಬಂದಾಗ ಬಾಕಿ ತೀರಿಸಲು ಬರುವ ಗಿರಾಕಿಗೆ ಟೀ ಕೊಡಿಸುತ್ತೀರಲ್ಲ, ಆಗ ಕೇಳಿ: ‘ಗೌಡ್ರೇ, ಮುಂದಿನ ವರ್ಷದ ಸೌದೆ ಒಣಗಾಕಿದ್ರಾ? ಬ್ಯಾರನ್ ಸಂದು ಮುಚ್ಚಿದ್ರಾ?’ ಹಾರ್ಡ್‌ವೇರ್ ಅಂಗಡಿಯವರು ಜಾಲರಿ, ತಗಡು, ಛಾವಣಿ ಹೊದಿಕೆಯ ಸಾಮಾನನ್ನು ಹಂಗಾಮಿಗೆ ಮುಂಚೆ ಸಾಲಕ್ಕೆ ಕೊಡಲಿ. ಗೊಬ್ಬರವನ್ನು ನಂಬಿ ಕೊಡುವವರು ಇದನ್ನು ಕೊಡಲಾರರೇ? ಅದೂ ಸೊಪ್ಪಿನ ದುಡ್ಡಿನಲ್ಲೇ ತೀರುತ್ತದೆ.

ಇಂಥ ಬರಹದ ಕೊನೆಗೆ ‘ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?’ ಅಂತ ಬರೆಯುವುದು ವಾಡಿಕೆ. ಮಂಡಳಿ, ಅರಣ್ಯ ಇಲಾಖೆ, ಕೃಷಿ ಇಲಾಖೆ ಎಲ್ಲರೂ ಗಮನ ಹರಿಸಲೇಬೇಕು. ಬ್ಯಾರನ್‌ಗೆ ಪರವಾನಗಿ ಕೊಡುವಾಗ ಸೊಪ್ಪಿನ ಕೋಟಾ ಬರೆಯುವಂತೆ, ಸೌದೆ ಎಲ್ಲಿಂದ, ನೆಟ್ಟ ಮರ ಎಷ್ಟು ಎಂಬ ಕಾಲಮ್ಮನ್ನೂ ಬರೆಯಲಿ. ಆದರೆ ಸೌದೆ ಲಾರಿ ಅಂಗಡಿ ಮುಂದೆಯೇ ಹಾದು ಹೋಗುತ್ತದೆ, ಅದನ್ನು ನೋಡಿದ ನಾವೆಲ್ಲರೂ ಸಂಬಂಧಪಟ್ಟವರೇ. ಸುಗ್ಗಿ ಕಳೆದು ಬಿಸಿಲು ಏರುವ ಹೊತ್ತಿಗೆ ಯಾರ ಮನೆ ಮುಂದೆ ಸೀಳಿದ ಸೌದೆ ಒಣಗುತ್ತಿರುತ್ತದೋ, ಆ ಮನೆಯವರು ಈ ಲೆಕ್ಕವನ್ನು ಸರಿಯಾಗಿ ಓದಿದರು ಅಂತ ಅರ್ಥ.